ದಡಿಯಿಲ್ಲದ ಬಟ್ಟೆ

ನಮ್ಮ ಮನೆಯಲ್ಲಿ ಬಿಳಿ ಬಣ್ಣಕ್ಕೆ ಮಾತ್ರ ಬರಗಾಲವಿರಲಿಲ್ಲ. ಗೋಡೆ ಬಿಳಿ, ನೆಲ ಬಿಳಿ, ಒಲೆಯ ಹಿಂದಿನ ಗೂಡು ಬಿಳಿ, ಅಂಗಳದಲ್ಲಿ ಕಟ್ಟಿದ ಕತ್ತೆಯ ಬೆನ್ನೂ ಬಿಳಿ. ಅಪ್ಪ ಸುಣ್ಣ ಸುಡುತ್ತಿದ್ದ. ಮಸ್ಕಿಯ ಹಳ್ಳದ ದಂಡೆಯಲ್ಲಿ ಆರಿಸಿ ತಂದ ಸುಣ್ಣದ ಹರಳನ್ನು ಜಾಲಿ ಕಟ್ಟಿಗೆ, ಕುಳ್ಳುಗಳ ಜೊತೆ ಪದರು ಪದರಾಗಿ ಭಟ್ಟಿಗೆ ತುಂಬಿ ಬೆಂಕಿ ಇಡುತ್ತಿದ್ದ. ಸುಟ್ಟ ಹರಳಿನ ಮೇಲೆ ನೀರು ಚಿಮುಕಿಸಿದರೆ ಅದು ಬುಸುಗುಟ್ಟಿ, ಒಡೆದು, ಅರಳಿ ಹಿಟ್ಟಾಗುತ್ತಿತ್ತು. ಆ ಹಿಟ್ಟನ್ನು ಕತ್ತೆಯ ಮೇಲೆ ಹೇರಿಕೊಂಡು ಒಂದು ವಾರ ಲಿಂಗಸೂಗೂರಿನ ಸಂತೆ, ಇನ್ನೊಂದು ವಾರ ಸಿಂಧನೂರಿನ ಸಂತೆ. ನಾವು ತಿನ್ನುವ ರೊಟ್ಟಿಯಲ್ಲೂ ಆ ಹಿಟ್ಟು ಬೀಳುತ್ತಿತ್ತು. ಪುಂಡಿಪಲ್ಲೆ ಹಚ್ಚಿಕೊಂಡು ಕಡಿದರೆ ಹಲ್ಲಿನ ನಡುವೆ ಕರಕರ ಅನ್ನುತ್ತಿತ್ತು. ಅಪ್ಪನ ಅವ್ವ, ನನ್ನ ಆಯಿ, ಅದನ್ನು ಕೂಡ ರುಚಿಯೆಂದು ಹೇಳುತ್ತಿದ್ದಳು. ಅವಳ ಬಾಯಲ್ಲಿ ಹಲ್ಲು ಇರಲಿಲ್ಲ, ಅವಳಿಗೆ ಕರಕರ ಗೊತ್ತಾಗುತ್ತಿರಲಿಲ್ಲ.

ಸುಣ್ಣ ಬಟ್ಟೆಯನ್ನು ತಿನ್ನುತ್ತದೆ. ಇದು ಬೇರೆಯವರಿಗೆ ಗೊತ್ತಿರುವುದಿಲ್ಲ. ಹೊಸ ಧೋತರ ಉಟ್ಟು ಭಟ್ಟಿಗೆ ಹೋದರೆ ಒಂದು ಸುಗ್ಗಿ ಬಂದು ಹೋಗುವಷ್ಟರಲ್ಲಿ ಅದು ಜರಡಿಯಾಗುತ್ತದೆ. ಒಗೆಯಲು ಹಿಂಡಿದರೆ ಹಿಂಡಿದಲ್ಲೇ ತುಂಡಾಗುತ್ತದೆ. ಮೊದಲೆಲ್ಲ ಅಪ್ಪ ಹೇಗೋ ಇನ್ನೊಂದು ತರುತ್ತಿದ್ದ. ನಾನು ಹೇಳುತ್ತಿರುವುದು ನಿಜಾಮರ ರಾಜ್ಯದ ಕೊನೆಕೊನೆಯ ವರ್ಷಗಳ ಮಾತು, ದೂರದ ಯುದ್ಧಕ್ಕೆ ಬಟ್ಟೆಯೆಲ್ಲ ಹೋಗಿ ಊರೂರಲ್ಲಿ ಜನ ಹರಕು ಉಟ್ಟು ತಿರುಗುತ್ತಿದ್ದ ಕಾಲ. ಬಟ್ಟೆ ಸಿಗುತ್ತಿದ್ದದ್ದು ಸರಕಾರದ ಕಂಟ್ರೋಲ್ ದುಕಾನದಲ್ಲಿ ಮಾತ್ರ, ಅದೂ ಪಟೇಲರ ಚೀಟಿ ಇದ್ದರೆ. ಚೀಟಿ ಸಿಗುತ್ತಿದ್ದದ್ದು ಎರಡಕ್ಕೆ: ಮನೆಯಲ್ಲಿ ಮದುವೆಯಿರಬೇಕು, ಇಲ್ಲವೇ ಹೆಣವಿರಬೇಕು. ನಮ್ಮ ಮನೆಯಲ್ಲಿ ಎರಡೂ ಇರಲಿಲ್ಲ. ಅವ್ವನಿಗೂ ನನ್ನ ಅಕ್ಕನಿಗೂ ಸೇರಿ ನೆಟ್ಟಗಿರುವ ಸೀರೆ ಒಂದೇ. ಅವ್ವ ನೀರಿಗೆ ಹೋದರೆ ಅಕ್ಕ ಕೌದಿ ಸುತ್ತಿಕೊಂಡು ಒಳಕೋಣೆಯಲ್ಲಿ ಕೂಡುತ್ತಿದ್ದಳು. ಅಕ್ಕ ಹೊಲಕ್ಕೆ ಕೂಲಿಗೆ ಹೋದರೆ ಅವ್ವ ಕೂಡುತ್ತಿದ್ದಳು. ಬಾಗಿಲಲ್ಲಿ ಯಾರಾದರೂ ಕೂಗಿದರೆ ಒಳಗಿನಿಂದ ಬರೀ ದನಿ ಬರುತ್ತಿತ್ತು, ಮನುಷ್ಯರು ಬರುತ್ತಿರಲಿಲ್ಲ.

ಆ ವರ್ಷ ಲಿಂಗಸೂಗೂರಿನ ಸಂತೆಯಲ್ಲಿ ಅಪ್ಪ ಚೀಲ ಇಳಿಸಲು ಬಗ್ಗಿದಾಗ ಧೋತರ ಹಿಂದಿನಿಂದ ಉದ್ದಕ್ಕೆ ಸೀಳಿತು. ಸಂತೆ ನಕ್ಕಿತು. ಬಳೆ ಮಾರುವ ಹೆಂಗಸರು ಮುಖ ತಿರುಗಿಸಿಕೊಂಡರಂತೆ. ಅಪ್ಪ ಸುಣ್ಣವನ್ನು ಅಲ್ಲೇ ನೆಲಕ್ಕೆ ಸುರಿದು, ಖಾಲಿ ಚೀಲವನ್ನು ಹಿಂದೆ ಹಿಡಿದುಕೊಂಡು, ಹೊಲದ ಬದುವಿನಲ್ಲಿ ನಡೆದು ಮಸ್ಕಿಗೆ ಬಂದ. ನಾನು ಕತ್ತೆ ಹೊಡೆದುಕೊಂಡು ಹಿಂದೆ ಬರುತ್ತಿದ್ದೆ. ಅಂದಿನಿಂದ ಅವನಿಗೆ ಭಟ್ಟಿಯೇ ಊರು. ಜನರೆದುರು ಬರುವುದನ್ನೇ ಬಿಟ್ಟ. ಸಂತೆಗೆ ಅವ್ವ ಹೋಗತೊಡಗಿದಳು, ಅಕ್ಕನ ಕೂಲಿ ನಿಂತಿತು. ಉಣ್ಣುವಾಗಲೂ ಅಪ್ಪ ನಮ್ಮ ಕಡೆ ಬೆನ್ನು ಮಾಡಿ, ಗೋಡೆ ನೋಡುತ್ತ ಉಣ್ಣುತ್ತಿದ್ದ.

ಸರಿಯಾಗಿ ಆಗಲೇ ನಮ್ಮ ಸಾಲೆಯ ಮಾಸ್ತರರು ನನ್ನನ್ನು ಕರೆದು, ನೀನು ಇಲ್ಲಿ ಕಲಿಯುವುದು ಮುಗಿಯಿತು, ಇನ್ನು ಲಿಂಗಸೂಗೂರಿನ ಮಿಡಲ್ ಸಾಲೆಗೆ ಹೋಗಬೇಕು ಎಂದರು. ಊಟ ಹಾಕಿ ಇಟ್ಟುಕೊಳ್ಳುತ್ತಾರೆ, ಜಾಗ ಇದೆ, ನಾನು ಮಾತಾಡಿದ್ದೇನೆ, ಆದರೆ ಒಂದು ಶರತ್ತು: ತಂದೆಯೇ ಖುದ್ದಾಗಿ ಬಂದು ಹೆಬ್ಬೆಟ್ಟು ಒತ್ತಬೇಕು, ತಾಯಿ ಬಂದರೆ ನಡೆಯುವುದಿಲ್ಲ ಎಂದೂ ಹೇಳಿದರು. ಗಡುವು ಮುಂದಿನ ಸೋಮವಾರದ ಸಂತೆ ದಿನಕ್ಕೆ ಮುಗಿಯುತ್ತದೆ. ನಮ್ಮ ಕುಲದಲ್ಲಿ ಅಕ್ಷರ ಕಂಡವರಲ್ಲಿ ನಾನೇ ಮೊದಲಿನವ. ಮುಂದೆ ಹೈದರಾಬಾದಿಗೆ ಹೋಗಿ ಬಿ.ಎ. ಮುಗಿಸಿದವನೂ ನಾನೇ. ಇದನ್ನು ಹೇಳಿಕೊಳ್ಳಲು ನನಗೆ ಇವತ್ತಿಗೂ ಸಂಕೋಚವಿಲ್ಲ. ಆದರೆ ಆ ದಿನ ನನ್ನ ಓದು ಎಂಬುದು ಒಂದು ಧೋತರಕ್ಕೆ ಕಟ್ಟಿಕೊಂಡು ನೇತಾಡುತ್ತಿತ್ತು. ಮನೆಗೆ ಬಂದು ಹೇಳಿದಾಗ ಅಪ್ಪ ಗೋಡೆ ನೋಡುತ್ತಲೇ ಹೇಳಿದ:

"ಅದs ಲಿಂಗಸೂಗೂರಿಗೆ? ಅದs ಸಂತಿ ದಿನ? ನಾ ಬರಂಗಿಲ್ಲಲೇ. ಭಟ್ಟಿಗೆ ಕಟ್ಟಿಗಿ ತಾ, ಸಾಕು."

ಹೆದರಿಸಿದರೆ ಅಪ್ಪ ಬರುವವನಲ್ಲ, ಬೇಡಿಕೊಂಡರೂ ಬರುವವನಲ್ಲ. ಅಪ್ಪನಿಗೆ ಏನಾದರೂ ಕೊಡಬೇಕು, ಕೊಟ್ಟರೆ ಮನಸ್ಸು ಮೆತ್ತಗಾಗುತ್ತದೆ ಎಂದು ನನಗೆ ಹೊಳೆಯಿತು. ಏನು ಕೊಡುವುದು? ಅಪ್ಪನಿಗೆ ಮಕ್ಕಳು ಏನನ್ನಾದರೂ ಕೊಡುವ ಪದ್ಧತಿ ನಮ್ಮ ಕೇರಿಯಲ್ಲಿ ಇರಲಿಲ್ಲ. ಮದುವೆಯಲ್ಲಿ ಬೀಗರಿಗೆ ಬಟ್ಟೆಬರೆಯ ಆಯೇರಿ ಮಾಡುತ್ತಾರೆ, ಅಳಿಯನಿಗೆ ಕೊಡುತ್ತಾರೆ. ಅಪ್ಪನಿಗೆ ಯಾರು ಕೊಡುತ್ತಾರೆ? ಆಯಿಯನ್ನು ಕೇಳಿದೆ. ಅವಳು ಎಲೆ ಅಡಿಕೆ ಕುಟ್ಟುತ್ತಿದ್ದಳು, ಕುಟ್ಟಾಣಿ ನಿಲ್ಲಿಸಲಿಲ್ಲ.

"ಮಕ್ಕಳು ಅಪ್ಪಗ ಕೊಡಾದು ಹಿಡಿ ಮಣ್ಣು, ಅದೂ ಕುಣಿ ತೋಡಿದ ಮ್ಯಾಲೆ. ಜೀವ ಇದ್ದಾಂವಗ ಏನ್ ಕೊಡ್ತೀಲೇ ದುರುಗ್ಯಾ?"

ಆದರೂ ನಾನು ನೋಡುತ್ತ ಹೋದೆ. ಅಪ್ಪನನ್ನು ಅಷ್ಟು ಹತ್ತಿರದಿಂದ ನಾನು ನೋಡಿದ್ದು ಆ ವಾರವೇ ಇರಬೇಕು. ಅವನು ರೊಟ್ಟಿ ಮುರಿಯುವಾಗ ಬೆರಳ ಸಂದಿಯ ಸೀಳಿನಿಂದ ರಕ್ತ ಜಿನುಗುತ್ತಿತ್ತು, ರೊಟ್ಟಿಗೆ ಹತ್ತುತ್ತಿತ್ತು, ಅವನು ಅದನ್ನೂ ತಿನ್ನುತ್ತಿದ್ದ. ಗಾಣದ ಮನೆಯ ಅಂಗಳ ಗುಡಿಸಿಕೊಟ್ಟು, ತೆಂಗಿನ ಚಿಪ್ಪಿನಲ್ಲಿ ಕುಸುಬೆ ಎಣ್ಣೆ ಇಸಿದುಕೊಂಡು ಬಂದೆ. ಭಟ್ಟಿಯ ಹತ್ತಿರ ಕೂತಿದ್ದ ಅಪ್ಪನ ಕೈ ಹಿಡಿದು ಹಚ್ಚಿದೆ. ಆ ಕೈ ನನಗೆ ಬಿಟ್ಟುಕೊಟ್ಟ, ಕಣ್ಣು ಮುಚ್ಚಿಕೊಂಡ. ಇನ್ನೇನು ಒಪ್ಪುತ್ತಾನೆ ಎಂದು ನಾನು ಸೋಮವಾರದ ಮಾತು ತೆಗೆದೆ. ಅಪ್ಪ ಕೈ ಎಳೆದುಕೊಂಡ.

"ಕೈಗೆ ಎಣ್ಣಿ ಹಚ್ಚಿದಿ. ಮಾನಕ್ಕ ಏನ್ ಹಚ್ತೀ?"

ಸಿಟ್ಟಿನಿಂದ ಹೇಳಲಿಲ್ಲ, ನಿಜವಾಗಿ ಕೇಳಿದ ಹಾಗೆ ಕೇಳಿದ. ಅದಕ್ಕೇ ಅದು ನನಗೆ ಹೆಚ್ಚು ನಾಟಿತು.

ನಮ್ಮ ಓಣಿಯ ತುದಿಯಲ್ಲಿ ದರ್ಜಿ ಮೌಲಾಸಾಬ್ ಇದ್ದ. ಹೊಲಿಯಲು ಹೊಸ ಬಟ್ಟೆಯೇ ಇಲ್ಲದ ಕಾಲ, ಅವನೂ ತೇಪೆ ಹಚ್ಚಿಯೇ ಹೊಟ್ಟೆ ಹೊರೆಯುತ್ತಿದ್ದ. ಅವನು ನನ್ನ ಕಥೆ ಕೇಳಿ ತನ್ನ ಹಳೆಯ ಪೈಜಾಮ ಕೊಟ್ಟು ಕಳಿಸಿದ. ಅಪ್ಪ ಅದನ್ನು ಎತ್ತಿ ಹಿಡಿದು ಮೊದಲ ಸಲ ನಕ್ಕ. ಇದನ್ನು ಹಾಕಿಕೊಂಡರೆ ಕತ್ತೆ ಗುರುತು ಹಿಡಿಯದೆ ಒದೆಯುತ್ತದೆ, ಮೌಲಾನಿಗೆ ಹೇಳು, ಅವನಿಗೇ ಇನ್ನೊಂದು ಇದೆಯೋ ಇಲ್ಲವೋ ಅಂದ. ಇರಲಿಲ್ಲ. ಮೌಲಾಸಾಬ್ ಆ ದಿನ ಲುಂಗಿಯ ತುಂಡು ಸುತ್ತಿಕೊಂಡು ಕೂತಿದ್ದನ್ನು ನಾನು ನೋಡಿಯೇ ಬಂದಿದ್ದೆ. ಪೈಜಾಮ ಹಿಂದಕ್ಕೆ ಹೋಯಿತು.

ಕಂಟ್ರೋಲ್ ದುಕಾನಕ್ಕೆ ಬಟ್ಟೆಯ ಗಂಟು ಬಂದಿದೆ ಎಂದು ಸುದ್ದಿ ಬಂದಾಗ ನಾನು ಚೀಟಿ ಇಲ್ಲದೆಯೇ ಓಡಿದೆ. ಜನ ಬಾಗಿಲಿಗೆ ಇರುವೆಯ ಹಾಗೆ ಮುತ್ತಿದ್ದರು. ಕೈಸಂದಿ ಕಾಲ್ಸಂದಿ ನುಸುಳಿ ಮುಂದೆ ಹೋಗಿ, ಅಪ್ಪನಿಗೆ ಒಂದು ಧೋತರ ಕೊಡ್ರೀ ಅಂದೆ. ದುಕಾನದವನು ಕೆಟ್ಟವನಲ್ಲ, ಬೆಳಗಿನಿಂದ ಕಿರುಚಿ ಗಂಟಲು ಕೂತಿತ್ತು ಅಷ್ಟೇ. ಎಲ್ಲರಿಗೂ ಕೇಳುವುದನ್ನೇ ನನಗೂ ಕೇಳಿದ.

"ಮದುವಿಗೋ, ಸಾವಿಗೋ?"

"ಅಪ್ಪಗ ರೀ."

"ಅಪ್ಪ ಸತ್ತಾನೇನು?"

ಹೂಂ ಅಂದಿದ್ದರೆ ಬಟ್ಟೆ ಸಿಕ್ಕೇಬಿಡುತ್ತಿತ್ತು ಎಂದಲ್ಲ. ಚೀಟಿ ಕೇಳುತ್ತಿದ್ದರು, ಪಟೇಲರು ಆಳು ಕಳಿಸಿ ನೋಡಿಸುತ್ತಿದ್ದರು. ಆದರೆ ಅಷ್ಟೆಲ್ಲ ನನಗೆ ಆಗ ಹೊಳೆಯಲಿಲ್ಲ. ಹೂಂ ಎಂಬ ಅಕ್ಷರ ನಾಲಿಗೆಯ ತುದಿಗೆ ಬಂದಿತ್ತು. ಎದುರಿಗೆ ಬಿಳಿ ಬಟ್ಟೆಯ ಥಾನು, ಕಣ್ಣಲ್ಲಿ ಭಟ್ಟಿಯ ಹತ್ತಿರ ಕಣ್ಣು ಮುಚ್ಚಿಕೊಂಡು ಕೂತ ಅಪ್ಪ. ಬಾಯಿ ತೆರೆದೆ, ಮುಚ್ಚಿದೆ. ಹಿಂದಿದ್ದವನೊಬ್ಬ, ಹೋಗಿ ನಿಮ್ಮಪ್ಪನನ್ನು ಕೇಳಿಕೊಂಡು ಬಾ, ಸಾಯಾಕ ತಯಾರ ಅದಾನೇನು ಅಂತ, ಅಂದ. ಎಲ್ಲರೂ ನಕ್ಕರು. ಅಪ್ಪನಿಗೆ ಸಂತೆಯಲ್ಲಿ ಏನಾಗಿತ್ತು ಎಂದು ನನಗೆ ಅಲ್ಲಿ ತಿಳಿಯಿತು.

ಮನೆಗೆ ಬಂದು ಆಯಿಯ ಮುಂದೆ ಕೂತು ಅತ್ತೆ. ಅವಳಿಗೆ ಮಳೆಗಾಲ ಹಿಡಿದಾಗಿನಿಂದ ಜ್ವರ ಬಂದು ಬಿಟ್ಟು ಆಗುತ್ತಿತ್ತು, ಕೌದಿಯಲ್ಲೇ ಮಲಗಿದ್ದಳು. ದುಕಾನದವನು ಕೇಳಿದ್ದು, ನಾನು ಬಾಯಿ ತೆರೆದದ್ದು, ಎಲ್ಲ ಹೇಳಿದೆ. ಅವಳು ಎದ್ದು ಕೂತು, ಮೂಲೆಯಲ್ಲಿ ಒಂದರ ಮೇಲೊಂದು ಪೇರಿಸಿದ ಗಡಿಗೆಗಳಲ್ಲಿ ಎಲ್ಲಕ್ಕೂ ಕೆಳಗಿನದನ್ನು ತೆಗೆ ಅಂದಳು. ಆ ಗಡಿಗೆಯನ್ನು ನಾವು ಮಕ್ಕಳು ಮುಟ್ಟುವಂತಿರಲಿಲ್ಲ. ಅದರಲ್ಲಿ ಬೇವಿನ ಎಲೆಯ ನಡುವೆ ಮಡಿಸಿಟ್ಟ ಬಿಳಿ ಬಟ್ಟೆ ಇತ್ತು. ನಮ್ಮ ಕಡೆ ಗಂಡ ಸತ್ತ ಮುದುಕಿಯರು ತಮ್ಮ ಹೆಣಕ್ಕೆ ಬೇಕಾದ ಬಟ್ಟೆಯನ್ನು ಕೈಕಾಲು ಗಟ್ಟಿ ಇರುವಾಗಲೇ ತಂದು ಇಟ್ಟುಕೊಳ್ಳುತ್ತಿದ್ದರು, ಮಗನಿಗೆ ಭಾರ ಆಗಬಾರದು ಎಂದು. ಆಯಿ ಅದನ್ನು ಯುದ್ಧಕ್ಕೂ ಮೊದಲೇ ತಂದಿದ್ದಳು. ನೂಲು ಗಟ್ಟಿ, ಒಂದು ತೂತಿಲ್ಲ. ಬಣ್ಣದ ಅಂಚು, ದಡಿ, ಮಾತ್ರ ಇರಲಿಲ್ಲ. ಹೆಣದ ಬಟ್ಟೆಗೆ ದಡಿ ಇರುವುದಿಲ್ಲ.

"ತಗೋ. ನಿಮ್ಮಪ್ಪಗ ಹೇಳಬ್ಯಾಡ. ನೀ ಕಲ್ತು ನೌಕರಿ ಹಿಡದು ನನಗ ಹೊಸಾದು ತಾ. ಅಲ್ಲಿಮಟ ಸಾಯಂಗಿಲ್ಲ ನಾ, ಹೆದರಬ್ಯಾಡ."

ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಒಳಗೆ ಹೋಗಿ ತನ್ನ ಕೌದಿ ತಂದು, ಅಂಚಿನ ಹೊಲಿಗೆ ಬಿಚ್ಚಿ, ಅದರಲ್ಲಿ ಸೇರಿಸಿ ಹೊಲಿದಿದ್ದ ಕೆಂಪು ಪಟ್ಟಿಯನ್ನು ಎಳೆದು ತೆಗೆದಳು. ಅವಳ ಮದುವೆಯ ಇಳಕಲ್ ಸೀರೆಯಲ್ಲಿ ಉಳಿದದ್ದು ಆ ದಡಿ ಒಂದೇ. ಸೀರೆ ಎಂದೋ ಸುಣ್ಣಕ್ಕೆ ಹೋಗಿತ್ತು. ದಡಿಯಿಲ್ಲದ್ದನ್ನು ಉಟ್ಟು ಹೊರಬಿದ್ದರೆ ಕೂಸಿಗೂ ಗೊತ್ತಾಗುತ್ತದೆ ಅದು ಯಾವ ಬಟ್ಟೆ ಎಂದು.

ಎರಡನ್ನೂ ಮೌಲಾಸಾಬನ ಹತ್ತಿರ ಒಯ್ದೆ. ಅವನು ಬಟ್ಟೆಯನ್ನು ಬಿಡಿಸಿ ನೋಡಿದ, ಬೇವಿನ ಎಲೆ ಉದುರಿತು, ಅವನ ಮುಖ ಬದಲಾಯಿತು. ಯಾರದು ಅಂದ. ಆಯಿಯದು ಅಂದೆ. ಅವನು ಸೂಜಿಗೆ ದಾರ ಏರಿಸಿ ಹಾಗೇ ಹಿಡಿದುಕೊಂಡು ಕೂತ. ತಮ್ಮಲ್ಲಿ ಹೆಣದ ಬಟ್ಟೆಗೆ, ಅಂದರೆ ಕಫನ್‌ಗೆ ಹೊಲಿಗೆ ಹಾಕುವುದಿಲ್ಲ, ಸೂಜಿ ಮುಟ್ಟಿಸುವುದಿಲ್ಲ ಎಂದು ಹೇಳಿದ. ನಾನು ಬಟ್ಟೆಗೆ ಕೈ ಚಾಚಿದೆ. ಅವನು ನನ್ನ ಕೈ ಸರಿಸಿದ.

"ತಡೀಲೇ. ಸೂಜಿ ಬಿತ್ತಂದ್ರ ಇದು ಕಫನ್ ಅಲ್ಲ ಹೌದಿಲ್ಲೋ? ಬದುಕಿದಾಂವಂದು ಆಕ್ಕೈತಿ. ಬಿಡು, ಹೊಲೀತೀನಿ."

ಎಂದವನೇ ಹೊಲಿಗೆಯನ್ನು ಎಷ್ಟು ಒತ್ತಾಗಿ ಹಾಕಿದನೆಂದರೆ ದಡಿ ಬಟ್ಟೆಯ ಜೊತೆಯೇ ಮಗ್ಗದಿಂದ ಇಳಿದು ಬಂದಂತೆ ಕಂಡಿತು. ಅವ್ವ ಮೂಲೆಗೆ ಅರಿಶಿಣ ಹಚ್ಚಿದಳು. ನಮ್ಮಲ್ಲಿ ಹೊಸ ಬಟ್ಟೆ ಉಡುವ ಮೊದಲು ಹಚ್ಚಲೇಬೇಕು, ಹೆಣದ ಬಟ್ಟೆಗೆ ಮಾತ್ರ ಇಲ್ಲ. ಆ ಹಳದಿ ಚುಕ್ಕೆ ಬಿದ್ದ ಮೇಲೆ ನನಗೂ ಧೈರ್ಯ ಬಂತು. ಅಪ್ಪ ಉಂಡು ಕೈ ತೊಳೆದಾಗ ಮುಂದೆ ಇಟ್ಟೆ. ಅವನು ಮುಟ್ಟಲಿಲ್ಲ. ಎದ್ದು ಹೋಗಿ ಕೈಯನ್ನು ಮತ್ತೆ ತಿಕ್ಕಿ ತೊಳೆದು, ಉಳಿದಿದ್ದ ಕುಸುಬೆ ಎಣ್ಣೆ ಸವರಿ, ಅದನ್ನೂ ಒರೆಸಿಕೊಂಡು ಬಂದು ಆಮೇಲೆ ಮುಟ್ಟಿದ. ಎಲ್ಲಿಯದು ಎಂದು ಕೇಳಿದಾಗ ಅವ್ವ, ಕಂಟ್ರೋಲಿನದು ಎಂದು ಬೆನ್ನು ತಿರುಗಿಸಿ ಹೇಳಿದಳು. ಅಪ್ಪ ಅದನ್ನು ಗೂಟಕ್ಕೆ ನೇತು ಹಾಕಿದ. ಸೋಮವಾರ ಉಡುವುದು, ಅಲ್ಲಿಯವರೆಗೆ ಯಾರೂ ಹತ್ತಿರ ಸುಣ್ಣ ತರಬಾರದು ಅಂದ. ಆ ರಾತ್ರಿ ಅವನು ನಮ್ಮ ಕಡೆ ಮುಖ ಮಾಡಿ ಮಲಗಿದ.

ಶನಿವಾರ ಬೆಳಿಗ್ಗೆ ಆಯಿ ಏಳಲಿಲ್ಲ.

ನಾಲ್ಕು ಮನೆಯ ಹೆಂಗಸರು ಬಂದರು, ಅತ್ತರು, ನೀರು ಕಾಸಿದರು. ಒಬ್ಬಾಕೆ, ಮುದುಕಿ ತನ್ನ ಬಟ್ಟೆ ಇಟ್ಟುಕೊಂಡಿದ್ದಳಲ್ಲ, ಗಡಿಗೆ ಇಳಿಸಿರಿ ಅಂದಳು. ಅವ್ವ ಅಳುವುದನ್ನು ನಿಲ್ಲಿಸಿದಳು. ಅಪ್ಪನೇ ಗಡಿಗೆ ಇಳಿಸಿದ. ಒಳಗೆ ಬೇವಿನ ಎಲೆ ಮಾತ್ರ. ನಾನು ಅಲ್ಲಿ ನಿಲ್ಲಲಿಲ್ಲ. ಕಂಟ್ರೋಲ್ ದುಕಾನದತ್ತ ಓಡಿದೆ. ಪಟೇಲರ ಚೀಟಿ ಆಮೇಲೆ ತರುತ್ತೇನೆ ಎಂದು ದಾರಿಯಲ್ಲೇ ಬಾಯಿಪಾಠ ಮಾಡಿಕೊಂಡೆ. ಬಾಗಿಲು ತೆರೆದಿತ್ತು, ಜನ ಇರಲಿಲ್ಲ. ಸಾವಿಗೆ ರೀ ಅಂದೆ, ಅವನು ಕೇಳುವ ಮೊದಲೇ ಅಂದೆ. ದುಕಾನದವನು ಖಾಲಿ ಹಲಗೆಗಳನ್ನು ತೋರಿಸಿದ. ಗಂಟು ನಿನ್ನೆಯೇ ಮುಗಿಯಿತು ತಮ್ಮಾ, ಇನ್ನು ರಾಯಚೂರಿನಿಂದ ಯಾವಾಗ ಬರುತ್ತದೋ ದೇವರಿಗೇ ಗೊತ್ತು ಎಂದ. ಯಾರು ತೀರಿಕೊಂಡರು ಎಂದೂ ಕೇಳಿದ, ಪಾಪ.

ತಿರುಗಿ ಬರುವಷ್ಟರಲ್ಲಿ ಧೋತರ ಎಲ್ಲಿಯದೆಂದು ಅವ್ವ ಹೇಳಿಬಿಟ್ಟಿದ್ದಳು. ಅಪ್ಪ ಗೂಟದ ಕೆಳಗೆ ನಿಂತಿದ್ದ. ಮೌಲಾಸಾಬ್ ಬಾಗಿಲಲ್ಲಿದ್ದ, ಯಾರು ಕರೆದಿದ್ದರೋ, ತಾನಾಗೇ ಬಂದಿದ್ದನೋ. ಅಪ್ಪ ಧೋತರ ಇಳಿಸಿ ಅವನ ಕೈಗೆ ಕೊಟ್ಟ.

"ಬಿಚ್ಚು ಮೌಲಾ. ನನ್ನ ಕೈ ಒರಟು, ಹರೀತೀನಿ."

ಮೌಲಾಸಾಬ್ ಹೊಸ್ತಿಲ ಮೇಲೆ ಕೂತು ಒಂದೊಂದೇ ಹೊಲಿಗೆ ಬಿಚ್ಚಿದ. ಒತ್ತಾಗಿ ಹಾಕಿದ್ದರಿಂದ ಹೊತ್ತು ಹಿಡಿಯಿತು. ಹೆಂಗಸರು ಒಳಗೆ ಕಾದರು, ಆರಿದ ನೀರನ್ನು ಮತ್ತೆ ಕಾಸಿದರು. ಅರಿಶಿಣ ಹತ್ತಿದ್ದು ಗಂಡನಿಲ್ಲದವಳಿಗೆ ಹೊದಿಸಬಹುದೇ ಎಂದು ಯಾರೋ ಸಣ್ಣಗೆ ಅಂದರು. ಅಪ್ಪ ಆ ಮೂಲೆಯನ್ನು ಹಲ್ಲಿನಿಂದ ಕಚ್ಚಿ ಹರಿದು ತೆಗೆದ. ಒಳಗೆ ಕೊಟ್ಟು ಬಂದು, ಅಂಗಳದಲ್ಲಿ ಎಲ್ಲರೆದುರು ನಿಂತು, ಸುಣ್ಣದ ಖಾಲಿ ಚೀಲವೊಂದನ್ನು ಒದರಿದ. ಬಿಳಿ ಧೂಳು ಎದ್ದಿತು. ಗೋಣಿಯ ಹೊಲಿಗೆ ಬಿಚ್ಚಿ ಸೊಂಟಕ್ಕೆ ಸುತ್ತಿ, ಕಟ್ಟಲು ಏನಾದರೂ ಬೇಕಾಗಿ ಸುತ್ತಲೂ ನೋಡಿದ. ಮೌಲಾಸಾಬನ ತೊಡೆಯ ಮೇಲೆ ಆ ಕೆಂಪು ದಡಿ ಇತ್ತು. ಅದನ್ನೇ ತೆಗೆದುಕೊಂಡು ಬಿಗಿದ. ಸಂತೆಯಲ್ಲಿ ಧೋತರ ಹರಿದ ದಿನದಿಂದ ಹೊರಗೆ ಬಾರದಿದ್ದವನು ಅಂದು ಮಟಮಟ ಮಧ್ಯಾಹ್ನ ಮಸ್ಕಿಯ ನಡು ಪೇಟೆಯಲ್ಲಿ ತನ್ನ ತಾಯಿಗೆ ಹೆಗಲು ಕೊಟ್ಟು ನಡೆದ. ಯಾರೂ ನಗಲಿಲ್ಲ. ಆಯಿ ಹೇಳಿದ ಹಾಗೆ ನಾನೂ ಹಿಡಿ ಮಣ್ಣು ಹಾಕಿದೆ, ಅಪ್ಪನಿಗಲ್ಲ, ಅವಳಿಗೆ.

ನನ್ನ ಓದು ಮುಗಿಯಿತು ಎಂದುಕೊಂಡೆ. ಸೂತಕದಲ್ಲಿ ಊರು ದಾಟಬಾರದು, ದಾಟಿದರೂ ಉಡಲು ಏನಿದೆ? ಆ ಯೋಚನೆ ಬಂದದ್ದಕ್ಕೆ ಆಯಿಯ ನೆನಪಾಗಿ ಮತ್ತಷ್ಟು ಅಳು ಬಂತು. ಸೋಮವಾರ ನಸುಕಿನಲ್ಲಿ ಅಪ್ಪ ನನ್ನನ್ನು ಕಾಲಿನಿಂದ ತಿವಿದು ಎಬ್ಬಿಸಿದ. ಅದೇ ಗೋಣಿ, ಅದೇ ಕೆಂಪು ಪಟ್ಟಿ. ಅವ್ವ, ಜನ ಏನಂತಾರ ಅಂದಳು.

"ಸೂತಕ ಎಲ್ಲಿಗೂ ಹೋಗಂಗಿಲ್ಲ, ಬಂದ ಮ್ಯಾಲೆ ಕಳಿಯೂಣು. ಆಕಿ ಬಟ್ಟಿ ಕೊಟ್ಟಿದ್ದು ಇದಕ್ಕs ಹೌದಿಲ್ಲೋ. ಏಳಲೇ."

ಸಂತೆಯ ನಡುವಿನಿಂದಲೇ ಹೋದೆವು. ಬೇರೆ ದಾರಿ ಇತ್ತು, ಅಪ್ಪ ಹಿಡಿಯಲಿಲ್ಲ. ಜನ ನೋಡಿದರು, ಕೆಲವರು ನಕ್ಕಿರಲೂಬಹುದು, ನಾನು ಅಪ್ಪನ ಸೊಂಟದ ಕೆಂಪು ಪಟ್ಟಿಯನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಸಾಲೆಯಲ್ಲಿ ಹೆಸರು ಬರೆದುಕೊಳ್ಳುವ ಮುನ್ಷಿ ಅವನನ್ನು ಒಳಗೆ ಬಿಡಲಿಲ್ಲ, ಸುಣ್ಣ ಉದುರುತ್ತದೆ ಎಂದ. ಅಪ್ಪ ಹೊರಗೆ ನಿಂತು ಕಿಟಕಿಯ ಸರಳಿನ ಸಂದಿಯಿಂದ ಕೈ ಒಳಗೆ ಹಾಕಿದ. ಮುನ್ಷಿ ಹೆಬ್ಬೆರಳಿಗೆ ಮಸಿ ಹಚ್ಚಿ ಒತ್ತಿಸಿದ. ಸುಣ್ಣ ತಿಂದ ಬೆರಳು, ಗೆರೆ ಮೂಡಲಿಲ್ಲ, ಬರೀ ಕರಿ ಚುಕ್ಕೆ. ಮತ್ತೆ ಒತ್ತಿಸಿದ, ಮತ್ತೆ ಅದೇ. ಇದು ಯಾರದೆಂದು ಹೇಗೆ ಗೊತ್ತಾಗಬೇಕು ಎಂದು ಮುನ್ಷಿ ಗೊಣಗಿದ. ಕಿಟಕಿಯ ಆಚೆಯಿಂದ ಅಪ್ಪ ಹೇಳಿದ:

"ಇದ್ದದ್ದು ಇಷ್ಟs ರೀ. ಹುಡುಗ ಮಾತ್ರ ನಂದು."

ಮುನ್ಷಿ ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡು ಬರೆದ. ನನ್ನ ಹೆಸರು ಸೇರಿತು.

ಬಹಳ ವರ್ಷಗಳ ಮೇಲೆ, ನಿಜಾಮರೂ ಹೋಗಿ ಕಂಟ್ರೋಲೂ ಹೋಗಿ, ನನಗೆ ಮೊದಲ ಪಗಾರ ಬಂದಾಗ ಅಪ್ಪನಿಗೆ ಏನು ತರಲಿ ಎಂದು ಕೇಳಿದೆ. ನನ್ನ ಮನಸ್ಸಿನಲ್ಲಿ ರೇಶಿಮೆ ದಡಿಯ ಧೋತರ ಇತ್ತು, ಕೋಟು ಇತ್ತು, ಕೈಗಡಿಯಾರವೂ ಇತ್ತು. ಆಗ ಅವನು ಭಟ್ಟಿ ಬಿಟ್ಟಿದ್ದ, ಕೆಮ್ಮು ಹಿಡಿದಿತ್ತು. ಯೋಚಿಸಲೇ ಇಲ್ಲ, ದಡಿ ಇಲ್ಲದ್ದೊಂದು ತಾ ಅಂದ. ನಾನು ಬೈದೆ, ಇದೆಂಥ ಮಾತು ಅಂದೆ. ಅವನು ಮೂಲೆಯ ಗಡಿಗೆಯ ಕಡೆ ನೋಡಿದ.

"ಆ ದಿನ ನೀ ದುಕಾನಕ್ಕ ಓಡಿದ್ದು ನೋಡೀನಿ. ಮತ್ತ ಓಡಾದು ಬ್ಯಾಡ."

ಸಿಂಧನೂರಿನ ದೊಡ್ಡ ಅಂಗಡಿಯಲ್ಲಿ ಗಟ್ಟಿ ನೂಲಿನದನ್ನು ಹುಡುಕಿ ತಂದೆ. ಅಪ್ಪ ಕೈ ತೊಳೆದುಕೊಂಡು ಬಂದು ಬಟ್ಟೆ ಬಿಡಿಸಿದ, ಹೆಬ್ಬೆರಳಿನಿಂದ ಅಂಚನ್ನು ಈ ತುದಿಯಿಂದ ಆ ತುದಿಯವರೆಗೆ ಸವರಿ ನೋಡಿದ, ದಡಿ ಇಲ್ಲವೆಂದು ಖಾತ್ರಿ ಮಾಡಿಕೊಂಡ. ಬೇವಿನ ಎಲೆ ಹಾಕಿ ಮಡಿಸಿ ಗಡಿಗೆಯಲ್ಲಿ ಇಟ್ಟು, ಅದರ ಮೇಲೆ ಉಳಿದ ಗಡಿಗೆಗಳನ್ನು ಏರಿಸಿದ. ಚಲೋದು ತಂದಿ ಅಂದ. ನಾನು ತಂದುಕೊಟ್ಟ ವಸ್ತುವನ್ನು ಅವನು ಚಲೋ ಅಂದದ್ದು ಅದೊಂದೇ ಸಲ.